ಹತ್ತಿಯ ಗಡ್ಡ

ಮೊನ್ನೆ ಕಿತ್ತೂರು ಕಡೆಯ ಒಂದು ಶಾಲೆಯಿಂದ ಫೋನ್ ಬಂತು.

‘ಟೇಲರ್, ನಮ್ಮಲ್ಲಿ ಗ್ಯಾದರಿಂಗ್ ಐತ್ರಿ. ಸರ್ವಧರ್ಮದ ಸೆಟ್ ಒಂದ ಬೇಕಾಗಿತ್ತು.’

‘ಇಲ್ರಿ’ ಎಂದೆ.

‘ಇಲ್ಲಂದ್ರ ಹೊಲದ ಕೊಡ್ರಿ ಮತ್ತ. ಇನ್ನೂ ಹದಿನೈದ ದಿವಸ ಟೈಮ್ ಐತಿ.’

‘ಹದಿನೈದ ವರ್ಷ ಟೈಮ್ ಕೊಟ್ರೂ ಹೊಲಿಯಂಗಿಲ್ರಿ.’

ಆ ಮೇಡಂ ಗಾಬರಿಯಾಗಿ, ‘ಯಾಕ್ರಿ, ಸಿಟ್ಟಾಗೀರೇನ?’ ಎಂದು ಕೇಳಿದರು. ಹೌದು, ಸಿಟ್ಟಾಗಿದ್ದೇನೆ. ಸಿಟ್ಟಾಗಿ ಎರಡು ವರ್ಷವಾಯಿತು, ಇನ್ನೂ ಇಳಿದಿಲ್ಲ. ಆ ಮೇಡಂ ಮೇಲಲ್ಲ, ಪಾಪ, ಅವರ ಮುಖವನ್ನೇ ನಾನು ನೋಡಿಲ್ಲ. ಯಾರ ಮೇಲೆ ಸಿಟ್ಟು ಎಂದು ಹೇಳಬೇಕಾದರೆ ನನ್ನಿಂದಲೇ ಶುರು ಮಾಡಬೇಕಾಗುತ್ತದೆ.

ನಾವು ಪಿಂಜಾರರು. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಪೇಟೆಗೆ ಫೋಮಿನ ಗಾದಿ ಬಂದ ಮೇಲೆ ಆ ಕಸುಬು ಮೂಲೆ ಸೇರಿತು, ನಾನು ಹೊಲಿಗೆ ಕಲಿತು ಬೈಲಹೊಂಗಲದಲ್ಲಿ ಅಂಗಡಿ ಹಾಕಿದೆ. ಹುಟ್ಟಿದ್ದು ಸವದತ್ತಿ ತಾಲೂಕಿನ ಹೂಲಿಯಲ್ಲಿ. ಅವ್ವ ಈಗಲೂ ಅಲ್ಲೇ ಅಣ್ಣನ ಸಂಸಾರದ ಜೊತೆ ಇದ್ದಾಳೆ, ಇವತ್ತಿಗೂ ಹೊಲಕ್ಕೆ ಹೋಗಿ ಆಳುಗಳನ್ನು ಬೈದು ಬರುತ್ತಾಳೆ. ಮನೆಯಲ್ಲಿ ನಾವು ಆಡುವುದು ಕನ್ನಡ. ಅವ್ವ ಅಲ್ಲಾಹನ ಹತ್ತಿರ ದುವಾ ಕೇಳುವುದೂ ಕನ್ನಡದಲ್ಲೇ. ನಮಾಜಿನ ಅರಬ್ಬಿ ಮುಗಿಸಿ, ಸೆರಗೊಡ್ಡಿ, ‘ಈ ಸಲಾರ ಮಳಿ ಸರೀಗಿ ಕೊಡಪಾ’ ಎನ್ನುತ್ತಾಳೆ.

ವರ್ಷವಿಡೀ ಶಾಲೆಯ ಯೂನಿಫಾರ್ಮ್ ಹೊಲಿಯುವ ನನಗೆ ಗ್ಯಾದರಿಂಗ್ ಬಂತೆಂದರೆ, ಅಂದರೆ ಶಾಲೆಯ ವಾರ್ಷಿಕ ಸಮಾರಂಭ ಬಂತೆಂದರೆ, ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ರಾಣಿ, ಸೈನಿಕ, ನವಿಲು, ಏನು ಕೇಳಿದರೂ ಹೊಲಿದು ಕೊಡುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದದ್ದು ಸರ್ವಧರ್ಮದ ಸೆಟ್. ನಾಲ್ಕು ಮಕ್ಕಳಿಗೆ ನಾಲ್ಕು ವೇಷ. ಹಿಂದೂವಿಗೆ ಧೋತರ, ಕೇಸರಿ ಶಾಲು. ಕ್ರೈಸ್ತನಿಗೆ ಬಿಳಿ ಗೌನು, ಕೊರಳಿಗೆ ಥರ್ಮಾಕೋಲಿನ ಶಿಲುಬೆ. ಸಿಖ್ಖನಿಗೆ ಟೋಪಿಯ ಹಾಗೆ ತಲೆಗೆ ಒತ್ತಿಬಿಡುವ ರೆಡಿಮೇಡ್ ಪೇಟ, ಅದಕ್ಕೆ ರಬ್ಬರಿನಿಂದ ಜೋತುಬಿಟ್ಟ ಗಡ್ಡ. ಮುಸ್ಲಿಮನಿಗೆ ಹಸಿರು ಚೌಕುಳಿಯ ಲುಂಗಿ, ಜಾಳಿಗೆ ಟೋಪಿ, ಗಲ್ಲದ ತುದಿಗೆ ಒಂದು ಹಿಡಿ ಗಡ್ಡ. ಎರಡೂ ಗಡ್ಡಗಳನ್ನು ಹತ್ತಿ ಹಿಂಜಿ, ಕರಿ ಬಣ್ಣದಲ್ಲಿ ಅದ್ದಿ, ಒಣಗಿಸಿ ನಾನೇ ಮಾಡುತ್ತಿದ್ದೆ. ಅಪ್ಪನಿಂದ ಕಲಿತ ಕೈ ಅದೊಂದಕ್ಕೆ ಉಪಯೋಗಕ್ಕೆ ಬಂತು ನೋಡಿ.

ನಾನು ಜನ್ಮದಲ್ಲಿ ಹಸಿರು ಲುಂಗಿ ಉಟ್ಟವನಲ್ಲ. ನನಗೆ ಗಡ್ಡವಿಲ್ಲ. ಟೋಪಿ ನಮಾಜಿಗೆ ನಿಂತಾಗ ಮಾತ್ರ. ಆದರೂ ಹದಿನೆಂಟು ವರ್ಷ ಆ ಲುಂಗಿಗೆ ಅಂಚು ಮಡಚಿ ಹೊಲಿದೆ, ಒಂದು ದಿನವೂ ‘ಇಂವಾ ಯಾವ ಸಾಬಣ್ಣ’ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಮೊದಲ ಸಲ ನನ್ನನ್ನು ತಡೆದು ನಿಲ್ಲಿಸಿದವನು ಬೇರೆಯವನು, ಅದೂ ಇನ್ನೊಂದು ವೇಷಕ್ಕೆ.

ಸೋಯಾ ಕೊಯ್ಲಿನ ಕಾಲಕ್ಕೆ ನಮ್ಮ ಕಡೆ ಪಂಜಾಬಿನಿಂದ ರಾಶಿ ಮಷಿನ್‌ಗಳು ಬರುತ್ತವೆ. ಅಂಥ ಒಂದು ಮಷಿನ್ನಿನ ಡ್ರೈವರ್, ಐವತ್ತರ ಆಸುಪಾಸಿನ ಸಿಖ್ಖ, ಒಂದು ಮಧ್ಯಾಹ್ನ ನೀಲಿ ಬಟ್ಟೆಯ ಗಂಟು ಹಿಡಿದು ಅಂಗಡಿಗೆ ಬಂದ. ಅವನದು ಪಂಜಾಬಿ ಬೆರೆತ ಹಿಂದಿ, ನನ್ನದು ಬಸ್‌ಸ್ಟ್ಯಾಂಡಿನ ಉರ್ದು, ಹೇಗೋ ಮಾತು ನಡೆಯಿತು. ಆ ಉದ್ದನೆಯ ಬಟ್ಟೆಯನ್ನು ನಡುವೆ ಕತ್ತರಿಸಿ, ಎರಡು ತುಂಡನ್ನು ಅಗಲಕ್ಕೆ ಕೂಡಿಸಿ ಹೊಲಿಯಬೇಕಿತ್ತು. ಹೊಲಿಗೆ ದಪ್ಪವಾದರೆ ಪೇಟ ಕಟ್ಟಿದಾಗ ಹಣೆಗೆ ಒತ್ತುತ್ತದೆ, ತೆಳುವಾಗಿ ಹಾಕು ಎಂದು ಎರಡೆರಡು ಸಲ ಹೇಳಿದ. ಹೊಲಿದು ಮುಗಿಸಿದ ಮೇಲೆ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ರಸ್ತೆಯ ಆಚೆ ಬದಿಗೆ ಹೋಗಿ ನಿಂತ. ಬಿಗಿಯಾಗಿ ಜಗ್ಗಿ ಹಿಡಿ ಎಂದ. ಹಿಡಿದೆ. ಪದರ ಪದರವಾಗಿ ಮಡಚುತ್ತ ನನ್ನ ಹತ್ತಿರ ಬಂದ. ದಿನಾ ಬೆಳಿಗ್ಗೆ ಇಷ್ಟು ಮಾಡಬೇಕಂತೆ. ಮನೆಯಲ್ಲಿ ಮಗಳು ತುದಿ ಹಿಡಿಯುತ್ತಾಳೆ, ಇಲ್ಲಿ ಮಷಿನ್ನಿನ ಬಾಗಿಲಿಗೆ ಕಟ್ಟಿಕೊಳ್ಳುತ್ತೇನೆ ಎಂದು ನಕ್ಕ. ಕೂದಲು ದೇವರು ಕೊಟ್ಟದ್ದು, ಕೊಟ್ಟ ಹಾಗೇ ಇಟ್ಟುಕೊಂಡು, ಅದನ್ನು ಮರ್ಯಾದೆಯಿಂದ ಕಾಯುವುದಕ್ಕೆ ಈ ಬಟ್ಟೆ ಎಂದ.

ಹೇಳುತ್ತಿದ್ದಂತೆಯೇ ಅವನ ಕಣ್ಣು ಗೋಡೆಯ ಮೊಳೆಗೆ ಬಿತ್ತು. ಅಲ್ಲಿ ನನ್ನ ರೆಡಿಮೇಡ್ ಪೇಟ, ರಬ್ಬರಿನ ಗಡ್ಡ ಸಮೇತ ನೇತಾಡುತ್ತಿತ್ತು. ಕೆಳಗಿಳಿಸಿ ಒಳಗೆ ಹೊರಗೆ ತಿರುವಿ ನೋಡಿದ. ಬಯ್ಯಲಿಲ್ಲ. ‘ಮೊನ್ನೆ ಒಂದು ಊರಲ್ಲಿ ಸಣ್ಣ ಹುಡುಗಿಯೊಬ್ಬಳು ಓಡಿ ಬಂದು ನನ್ನ ಗಡ್ಡ ಜಗ್ಗಿದಳು. ಆಮೇಲೆ ಕಿವಿಯ ಹಿಂದೆ ಏನೋ ಹುಡುಕಿದಳು. ಏನು ಹುಡುಕುತ್ತಿದ್ದಾಳೆ ಅಂತ ತಿಳಿದಿರಲಿಲ್ಲ’ ಎಂದ. ಅವನ ಬೆರಳು ರಬ್ಬರಿನ ಮೇಲಿತ್ತು. ‘ಈಗ ತಿಳಿಯಿತು, ಮಾಸ್ಟರ್.’

ಅವನು ಹೋದ ಮೇಲೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಪೇಟವನ್ನು ಮೊಳೆಯಿಂದ ತೆಗೆದೆ. ತೆಗೆದು ಏನು ಮಾಡಿದೆ? ಟ್ರಂಕಿನಲ್ಲಿಟ್ಟೆ. ವಾರ ಕಳೆಯುವುದರೊಳಗೆ ರಾಮದುರ್ಗದ ಶಾಲೆಯವರು ಸೆಟ್ ಕೇಳಿದರು, ಕೊಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು!

ಅದೇ ವರ್ಷ, ನಾಲ್ಕನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಶಾಲೆಯಿಂದ ಕುಣಿಯುತ್ತ ಬಂದಳು.

‘ಅಪ್ಪಾ, ನಾ ಮುಸ್ಲಿಂ ಆಗೇನಿ!’

‘ಇಷ್ಟ ದಿವಸ ಏನಿದ್ದೆವಾ?’ ಎಂದಳು ನನ್ನ ಹೆಂಡತಿ. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗ್ಯಾದರಿಂಗಿನಲ್ಲಿ ಸರ್ವಧರ್ಮದ ನೃತ್ಯಕ್ಕೆ ಅವಳನ್ನು ಆರಿಸಿದ್ದರು. ಏನು ಉಡಬೇಕು ಎಂದು ಅವಳೇ ಠರಾಯಿಸಿದಳು: ಅಜ್ಜಿಯ ಹಾಗೆ ಇಳಕಲ್ ಸೀರೆ, ಖಣದ ಕುಪ್ಪಸ, ತಲೆಯ ಮೇಲೆ ಸೆರಗು. ಅವಳಿಗೆ ಗೊತ್ತಿದ್ದ ಅತಿ ದೊಡ್ಡ ಮುಸ್ಲಿಂ ಎಂದರೆ ಅವಳ ಅಜ್ಜಿ. ರೋಜಾ ಒಂದೂ ಬಿಡದವಳು, ಜೋಳದ ರೊಟ್ಟಿ ಮುರಿಯುವ ಮೊದಲು ಬಿಸ್ಮಿಲ್ಲಾ ಅನ್ನುವವಳು, ಐದು ಹೊತ್ತೂ ಅದೇ ಇಳಕಲ್ ಸೆರಗಿನಲ್ಲಿ ನಮಾಜಿಗೆ ನಿಲ್ಲುವವಳು. ಫೋನಿನಲ್ಲಿ ಹೇಳಿದ್ದೇ ತಡ, ಅವ್ವ ಒಂದು ಹಳೆಯ ಸೀರೆಯನ್ನು ಅಣ್ಣನ ಕೈಯಲ್ಲಿ ಕಳಿಸಿಕೊಟ್ಟಳು. ಅದನ್ನು ಕತ್ತರಿಸಿ ಮಗಳ ಅಳತೆಗೆ ಹೊಂದಿಸಿದೆ, ಕೆಂಪು ಸೆರಗನ್ನು ಮಾತ್ರ ಮುಟ್ಟಲಿಲ್ಲ. ಅವಳು ಅದನ್ನುಟ್ಟು ಮನೆ ತುಂಬ ಅಜ್ಜಿಯ ಹಾಗೆ ಸೊಂಟಕ್ಕೆ ಕೈಕೊಟ್ಟು ನಡೆದಾಡಿದಳು. ನನ್ನ ಇಷ್ಟು ವರ್ಷದ ಹೊಲಿಗೆಯಲ್ಲಿ ಅಷ್ಟು ಚೆಂದದ ವೇಷ ನಾನು ಕಂಡಿರಲಿಲ್ಲ.

ತಾಲೀಮಿಗೆ ಉಟ್ಟುಕೊಂಡು ಹೋದವಳು ಸಂಜೆ ಸೀರೆಯನ್ನು ಚೀಲದಲ್ಲಿ ತುರುಕಿಕೊಂಡು ಬಂದಳು. ಮುಖ ಸಣ್ಣಗಾಗಿತ್ತು.

‘ಟೀಚರ್ ಬ್ಯಾಡಂದ್ರು. ಇದು ನಮ್ಮ ಸೀರಿ, ನೀ ಮುಸ್ಲಿಂ ಡ್ರೆಸ್ ಹಾಕ್ಕೊಂಡ ಬಾ ಅಂದ್ರು.’

ನನ್ನ ಪಿತ್ತ ನೆತ್ತಿಗೇರಿತು. ಮರುದಿನ ಅಂಗಡಿಯ ಬಾಗಿಲನ್ನೂ ತೆರೆಯದೆ ನೆಟ್ಟಗೆ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಹಳೆಯ ಪರಿಚಯ. ‘ಬರ್ರಿ ಬರ್ರಿ, ಕುಂತ್ರಿ’ ಎಂದು ಕುರ್ಚಿ ಎಳೆದರು, ಚಹಾ ತರಿಸಿದರು. ಟೀಚರನ್ನೂ ಕರೆಸಿದರು. ಆ ಹೆಣ್ಣುಮಗಳು ಕೆಟ್ಟವಳಲ್ಲ, ನನ್ನ ಮಗಳಿಗೆ ಅಕ್ಷರ ಕಲಿಸಿದವಳು. ಅದೇ ನನಗೆ ಇನ್ನೂ ಸಿಟ್ಟು ಬರಿಸಿತು. ಕೆಟ್ಟವಳಾಗಿದ್ದರೆ ನಾಲ್ಕು ಬೈದು ಬರಬಹುದಿತ್ತು.

‘ಅದು ನಮ್ಮವ್ವ ಉಡೂ ಸೀರಿ ಐತ್ರಿ ಟೀಚರ್. ಲಗ್ನಾದಾಗಿಂದ ಅದನ್ನ ಉಡತಾಳ. ಆಕಿ ಮುಸ್ಲಿಂ ಅಲ್ಲೇನ್ರಿ?’

‘ಹಂಗಲ್ರಿ, ನಾ ಎಲ್ಲಿ ಅಂದೆ? ಆದ್ರ ನೋಡೂ ಮಂದಿಗೆ ಗೊತ್ತಾಗಬೇಕಲ್ರಿ. ಸೀರಿ ಉಟ್ಟ ನಿಂತ್ರ ಹಿಂದೂ ಯಾರು, ಮುಸ್ಲಿಂ ಯಾರು ಅಂತ ಹೆಂಗ ತಿಳೀಬೇಕು?’

‘ತಿಳಿಯಂಗಿಲ್ರಿ! ಹೂಲ್ಯಾಗೂ ತಿಳಿಯಂಗಿಲ್ಲ. ಅದನ್ನ ತೋರಸ್ರಿ ಅಂತ ನಾ ಅನ್ನೂದು.’

ಟೀಚರ್ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಯಾವುದೋ ಶಾಲೆಯ ಹುಡುಗ. ಕಾಲಿನವರೆಗೆ ಬಿಳಿ ನಿಲುವಂಗಿ, ತಲೆಗೆ ಕೆಂಪು ಚೌಕುಳಿಯ ಬಟ್ಟೆ, ಅದರ ಮೇಲೆ ಕಪ್ಪು ಹಗ್ಗದ ಬಳೆ, ಎದೆಯವರೆಗೆ ಗಡ್ಡ. ‘ಈಗ ಎಲ್ಲಾ ಕಡೆ ಇದನ್ನ ಮಾಡತಾರ್ರಿ. ಲುಂಗಿ ಹಳೇದಾತು.’

ಅಲ್ರೀ, ಅದು ಅರಬರ ಉಡುಗೆ! ನನ್ನ ಹೆಂಡತಿಯ ಅಣ್ಣ ಆ ದೇಶಗಳಲ್ಲಿ ಒಂಬತ್ತು ವರ್ಷ ಗಾಡಿ ಹೊಡೆದು ಬಂದವನು. ಅವನ ಜೊತೆಗಿದ್ದ ಒಬ್ಬ ಅರಬ ಡ್ರೈವರ್ ಕ್ರೈಸ್ತನಂತೆ. ಇದೇ ನಿಲುವಂಗಿ, ಒಳಗೆ ಕೊರಳಲ್ಲಿ ಶಿಲುಬೆ, ಮನೆಯಲ್ಲಿ ಮಾತಾಡುವುದು ಅರಬ್ಬಿ, ದೇವರನ್ನು ಕರೆಯುವುದೂ ಅಲ್ಲಾಹ್ ಎಂದೇ. ಅಲ್ಲಿನವರಿಗೆ ನನ್ನ ಭಾವ ಒಬ್ಬ ಹಿಂದೂಸ್ತಾನದವ, ಅಷ್ಟೇ. ಅವನು ರೊಟ್ಟಿ ಬಡಿಯುವುದನ್ನು ನೋಡಲು ಮಾಲೀಕನ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಿದ್ದರಂತೆ. ಇದನ್ನೆಲ್ಲ ಟೀಚರಿಗೆ ಹೇಳಿದೆ. ದನಿ ಏರಿತ್ತು, ಹೊರಗೆ ಮಕ್ಕಳು ಕಿಟಕಿಗೆ ಬಂದು ನಿಂತಿದ್ದರು.

ಹೆಡ್‌ಮಾಸ್ತರರು ಎದ್ದು ಮೂಲೆಯ ಟ್ರಂಕ್ ತೆರೆದರು. ಹಸಿರು ಲುಂಗಿ, ಜಾಳಿಗೆ ಟೋಪಿ, ಹತ್ತಿಯ ಗಡ್ಡ ಒಂದೊಂದಾಗಿ ಮೇಜಿನ ಮೇಲೆ ಬಂದವು. ನನ್ನದೇ ಹೊಲಿಗೆ, ನನ್ನದೇ ಅಂಗಡಿಯ ಹೆಸರಿನ ಪಟ್ಟಿ.

‘ಇವನ್ನ ಹೊಲದವರ ಯಾರ್ರಿ, ಟೇಲರ್?’ ಎಂದರು. ವ್ಯಂಗ್ಯವಿರಲಿಲ್ಲ, ಮೆತ್ತಗೆ ಕೇಳಿದರು. ‘ಹತ್ತ ವರ್ಷಾತು, ವರ್ಷಾ ನೀವ ಕೊಡತೀರಿ. ಒಂದಿನಾರ ಬ್ಯಾಡಂದೀರೇನು? ನಿಮ್ಮ ಮಂದಿ ಹಿಂಗ ಇರತಾರ ಅಂತ ನೀವ ತೋರಸಿದ್ರಿ, ನಾವು ಕಲತೇವಿ.’

ಚಹಾ ಕುಡಿಯದೆ ಎದ್ದು ಬಂದೆ.

ಮನೆಗೆ ಬಂದು, ‘ಈ ಸಲ ಗ್ಯಾದರಿಂಗ್ ಬ್ಯಾಡ ಬಿಡವಾ’ ಎಂದೆ ಮಗಳಿಗೆ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಗೆಳತಿಯರೆಲ್ಲ ಸ್ಟೇಜಿನ ಮೇಲೆ ಇರುವಾಗ ತಾನೊಬ್ಬಳೇ ಮನೆಯಲ್ಲಿ ಕೂರಬೇಕೇ ಎಂದು ಕೇಳಿದಳು. ಆಮೇಲೆ ಮೂಗು ಒರೆಸಿಕೊಂಡು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ‘ಅಜ್ಜಿ ಸೀರಿ ಉಟ್ರ ಯಾರೂ ನಂಬಂಗಿಲ್ಲಪ್ಪಾ. ನನಗ ಆ ಬಿಳೇ ಡ್ರೆಸ್ಸ ಹೊಲಿ.’

ಒಂಬತ್ತು ವರ್ಷದ ಕೂಸು. ತಾನು ಏನೆಂಬುದನ್ನು ಜನ ನಂಬಬೇಕಾದರೆ ಬೇರೆ ಯಾರದೋ ಬಟ್ಟೆ ತೊಡಬೇಕೆಂದು ಕಲಿತುಬಿಟ್ಟಿತ್ತು. ಕಲಿಸಿದ್ದು ಶಾಲೆ ಎನ್ನಲೇ? ಶಾಲೆಗೆ ಕಲಿಸಿದ್ದು ನನ್ನ ಮಷಿನ್ನು. ಹಲ್ಲು ಕಚ್ಚಿ ಬಿಳಿ ಬಟ್ಟೆ ಕತ್ತರಿಸಿದೆ. ನಿಲುವಂಗಿ ಹೊಲಿದೆ, ಹತ್ತಿ ಹಿಂಜಿದೆ, ಬಣ್ಣದಲ್ಲಿ ಅದ್ದಿದೆ. ನನ್ನ ಮಗಳ ಮುಖದ ಅಳತೆ ತೆಗೆದು ಗಡ್ಡ ಮಾಡಿದೆ. ಎರಡು ಸಲ ಸೂಜಿ ಮುರಿಯಿತು.

ಅವ್ವನಿಗೆ ಮಾತ್ರ ಹೇಳಲಿಲ್ಲ. ಫೋನ್ ಎತ್ತಿಕೊಂಡು ಎರಡು ಸಲ ಕೆಳಗಿಟ್ಟೆ. ನಿನ್ನ ಸೀರೆ ನಡೆಯುವುದಿಲ್ಲವಂತೆ ಎಂದು ಹೆತ್ತ ತಾಯಿಗೆ ಯಾವ ಬಾಯಿಂದ ಹೇಳಲಿ?

ಗ್ಯಾದರಿಂಗಿನ ದಿನ ಅವ್ವ ಹೂಲಿಯಿಂದ ಬಸ್ ಹಿಡಿದು ಬಂದಳು. ಪೆಟ್ಟಿಗೆಯಲ್ಲಿ ಕಾದಿಟ್ಟಿದ್ದ ಹೊಸ ಇಳಕಲ್ ಉಟ್ಟಿದ್ದಳು, ಸೆರಗಿನಲ್ಲಿ ಮೊಮ್ಮಗಳಿಗೆಂದು ಕರದಂಟು ಕಟ್ಟಿಕೊಂಡಿದ್ದಳು. ಎರಡನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಳು. ಸುತ್ತಲೂ ಅಂಥವೇ ಸೀರೆ ಉಟ್ಟ ಹೆಂಗಸರು, ಅಂಥವೇ ಸೆರಗು. ಕೂತ ಐದು ನಿಮಿಷದಲ್ಲಿ ಪಕ್ಕದವಳ ಜೊತೆ ಕಡಲೆ ಬೆಳೆಯ ಮಾತು ಶುರುವಾಗಿತ್ತು.

ಸರ್ವಧರ್ಮದವರು ಬಂದರು. ಹಾಡು ಮೊಳಗಿತು, ನಾಲ್ವರೂ ಕುಣಿದರು. ಕೊನೆಗೆ ಒಬ್ಬೊಬ್ಬರೇ ಮೈಕಿನ ಮುಂದೆ ನಿಂತರು. ಸಿಖ್ಖನ ಪೇಟ ಒಂದು ಕಣ್ಣಿನ ಮೇಲೆ ಜಾರಿತ್ತು, ಜನ ನಕ್ಕರು. ನನಗೆ ರಸ್ತೆಯ ಆಚೆ ಬದಿ ನೀಲಿ ಬಟ್ಟೆ ಹಿಡಿದು ನಿಂತವನ ನೆನಪಾಗಿ ಮೈ ಉರಿಯಿತು. ಆಮೇಲೆ ಬಿಳಿ ನಿಲುವಂಗಿ ಮುಂದೆ ಬಂತು. ಟೀಚರ್ ಹೇಳಿಕೊಟ್ಟ ಹಾಗೆ ದನಿ ದಪ್ಪ ಮಾಡಿ, ‘ನಾನು ಮುಸ್ಲಿಂ. ನನ್ನ ದೇಶ ಭಾರತ’ ಎಂದಿತು. ಚಪ್ಪಾಳೆ ಬಿತ್ತು. ಅವ್ವನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

‘ಯಾವ ದೇಶದಂವನ ವೇಷಾನೋ ಏನೋ’ ಎಂದು ಪಕ್ಕದವಳಿಗೆ ಹೇಳಿದಳು. ‘ಚಂದ ಮಾಡ್ಯಾರ, ಪಾಪ.’

ಲಂಬಾಣಿ ನೃತ್ಯವಾಯಿತು, ಕೋಲಾಟವಾಯಿತು, ಬಹುಮಾನ ಕೊಟ್ಟರು. ಅವ್ವ ಪ್ರತಿ ಸಲವೂ ಕತ್ತು ಉದ್ದ ಮಾಡಿ ನೋಡಿದಳು. ಜನ ಏಳತೊಡಗಿದ ಮೇಲೆ ಕರದಂಟಿನ ಗಂಟು ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

‘ನಮ್ಮ ಕೂಸ ಇನ್ನೂ ಬರಲಿಲ್ಲಲ್ಲೋ? ನನ್ನ ಸೀರಿ ಉಟಗೊಂಡ ಬರತೇನಿ ಅಂದಿತ್ತು.’

‘ಬಂದ ಹೋತವ್ವಾ’ ಎಂದೆ.

‘ಸುಳ್ಳ ಹೇಳಬ್ಯಾಡ’ ಎಂದು ಗದರಿದಳು ಅವ್ವ. ‘ನನ್ನ ಮೊಮ್ಮಗಳನ್ನ ನಾ ಗುರ್ತ ಹಿಡಿಯಂಗಿಲ್ಲೇನ?’