ಹೊಂಗೆಮರಕ್ಕೆ ಕಟ್ಟಿದ ಮರ್ಯಾದೆ

ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಸುರಿಯುವುದು ನನ್ನ ಕೈಲಿ ಇವತ್ತಿಗೂ ಆಗದ ಕೆಲಸ. ಮೊದಲ ಸಲ ಹಾಲಿನಂತೆ, ಎರಡನೆಯ ಸಲ ಮಂಜಿನಂತೆ, ಮೂರನೆಯ ಸಲ ಏನೂ ನಡೆದೇ ಇಲ್ಲವೆಂಬಂತೆ ತಿಳಿಯಾಗಿ ಇಳಿಯುವ ಆ ಕಲಗಚ್ಚನ್ನು ಅಂಚು ಸೊಟ್ಟಗಾದ ಹಳೆಯ ಅಲ್ಯೂಮಿನಿಯಂ ಬೋಗುಣಿಯಲ್ಲಿ ಹಿಡಿದು, ಬೇಳೆ ತೊಳೆದದ್ದನ್ನೂ ಅದಕ್ಕೇ ಸೇರಿಸಿ, ಸೆರಗಿನಲ್ಲಿ ಒಗ್ಗರಣೆಯ ಘಮ ಇರುವಾಗಲೇ ಗೇಟು ದಾಟಿ, ಎದುರಿನ ಹೊಂಗೆಮರದ ಬುಡಕ್ಕೆ ಹೊಯ್ದು ಬಂದರೆ ನನ್ನ ಬೆಳಗು ಮುಗಿದಂತೆ. ನಾವು ಅಬ್ಬಿಗೆರೆಗೆ ಬಂದ ಹೊಸತರಲ್ಲಿ ಈ ನೀರಿಗೊಂದು ಹಸುವಿತ್ತು. ಪಕ್ಕದ ಮನೆಯ ಮುನಿರಾಜಣ್ಣನವರ ಕೊಟ್ಟಿಗೆಯ ಹಸು. ಕೊಟ್ಟಿಗೆಯ ಜಾಗದಲ್ಲಿ ಬಾಡಿಗೆ ಮನೆಗಳು ಎದ್ದಮೇಲೆ ನೀರಿಗೆ ಮರವೇ ಗತಿಯಾಯಿತು. ಮರಕ್ಕೂ, ಬೇಸಗೆಯಲ್ಲಿ, ನನ್ನ ಬೋಗುಣಿಯೇ ಗತಿ.

ಆ ಮರ ಏನೇನು ಮಾಡುತ್ತಿತ್ತೆಂದು ನಾನು ಯಾವತ್ತೂ ಕೂತು ಯೋಚಿಸಿದವಳಲ್ಲ. ಪಡುವಣ ಬಿಸಿಲನ್ನು ತಾನೇ ತಿಂದು ನನ್ನ ಅಡುಗೆಮನೆಯ ಗೋಡೆಯನ್ನು ತಣ್ಣಗಿಡುತ್ತಿತ್ತು. ಹೂ ಬಿಡುವ ಕಾಲದಲ್ಲಿ ರಸ್ತೆಗೆ ನಸುನೇರಳೆಯ ಅವಲಕ್ಕಿ ಚೆಲ್ಲಿದ ಹಾಗೆ ಉದುರಿಸಿ, ಊರಿನ ಜೇನನ್ನೆಲ್ಲ ಊಟಕ್ಕೆ ಕರೆಯುತ್ತಿತ್ತು. ಮಳೆ ಬಂದರೆ ಓಣಿಯ ನೀರೆಲ್ಲ ಅದರ ಬುಡದ ಹಳ್ಳಕ್ಕೆ ಹರಿದು, ಸ್ವಲ್ಪ ಹೊತ್ತು ನಿಂತು, ಆಮೇಲೆ ಎಲ್ಲಿ ಹೋಯಿತೆಂದು ಹೇಳದೆ ಹೋಗಿಬಿಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಕೆಳಗೆ ಇಸ್ತ್ರಿಗಾಡಿ ಇಟ್ಟುಕೊಂಡ ಸರೋಜಮ್ಮನಿಗೆ ಅದೇ ಅಂಗಡಿ, ಅದೇ ಸೂರು.

ಹೋದ ವರ್ಷದ ಕೊನೆಗೆ ನಮ್ಮ ವಾರ್ಡಿನ ಸಭೆ ಶಾಲೆಯೊಂದರ ಹಾಲಿನಲ್ಲಿ ನಡೆಯಿತು. ನಗರ ಯೋಜನೆ ಓದಿಕೊಂಡ, ಕಾಟನ್ ಸೀರೆಯ ಒಬ್ಬ ಹುಡುಗಿ ಬಂದಿದ್ದಳು. ಮರವೆಂದರೆ ಅಲಂಕಾರವಲ್ಲ, ಪೈಪು ತಂತಿಗಳ ಹಾಗೆ ಅದೂ ಊರಿನ ಒಂದು ಸೌಕರ್ಯ. ತಂಪು ಮಾಡುವುದು, ಧೂಳು ಹಿಡಿಯುವುದು, ನೀರು ಇಂಗಿಸುವುದು, ಇವೆಲ್ಲ ಪ್ರಕೃತಿ ಸದ್ದಿಲ್ಲದೆ ಮಾಡುವ ಸೇವೆಗಳು. ರಸ್ತೆಯ ನಕ್ಷೆ ಬರೆಯುವ ಮೊದಲು ಈ ಜಾಗದಲ್ಲಿ ಯಾವ ಕೆಲಸ ಈಗಾಗಲೇ ನಡೆಯುತ್ತಿದೆ ಎಂದು ಕೇಳಿಕೊಳ್ಳಬೇಕು ಎಂದಳು. ಸೇವೆ ಎಂದಕೂಡಲೇ ನನಗೆ ನಾನು ಓದಿದ ಕಾನ್ವೆಂಟು ನೆನಪಾಯಿತು. ಅಲ್ಲಿನ ಸಿಸ್ಟರುಗಳು ಸರ್ವಿಸ್ ಎಂಬುದಕ್ಕೆ ಶುಕ್ರವಾರ ಮಧ್ಯಾಹ್ನ ಒಂದು ಪೀರಿಯಡ್ಡನ್ನೇ ಇಟ್ಟಿದ್ದರು. ನಾವು ಬೆಂಚು ಒರೆಸಿ ಪುಣ್ಯ ಕಟ್ಟಿಕೊಂಡಿದ್ದೆವು. ವಾರದ ಏಳೂ ದಿನ ಆ ಪೀರಿಯಡ್ಡನ್ನು ತೆಗೆದುಕೊಳ್ಳುವ ಮರದ ಬಗ್ಗೆ ಒಬ್ಬರಾದರೂ ಮೈಕಿನಲ್ಲಿ ಮಾತಾಡಿದರಲ್ಲ ಎಂದು ಸಂತೋಷವಾಯಿತು.

ಆಗ ಮುನಿರಾಜಣ್ಣ ಎದ್ದು ನಿಂತರು. ಹಳೇ ಊರಿನ ಒಕ್ಕಲು ಮನೆತನದವರು; ಈ ಹೊಂಗೆಯನ್ನು ನೆಟ್ಟಿದ್ದು ಅವರ ತಂದೆ.

“ಮೇಡಂ ಏಳಿದ್ದು ನೂರಕ್ಕೆ ನೂರು ಸರಿ ಕಣ್ರೀ. ಇಷ್ಟೆಲ್ಲಾ ಮಾಡೋ ಮರಾನ ನಾವು ಇಂಗೆ ಮಣ್ಣಲ್ಲಿ ನಿಲ್ಸಿದ್ರೆ ನಮಗೇ ಅವಮಾನ. ಒಂದು ಕಟ್ಟೆ ಕಟ್ಸಾಣ. ಬಿಲ್ಡಿಂಗಿಗೆ ತರ್ಸಿದ ಗ್ರಾನೈಟು ಮಿಕ್ಕೈತೆ, ಕಲ್ಲು ನಂದು.”

ಸಭೆ ಚಪ್ಪಾಳೆ ತಟ್ಟಿತು. ಆ ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೈಕು ಬೀದಿನಾಯಿಗಳ ವಿಷಯಕ್ಕೆ ಹೊರಟುಹೋಗಿತ್ತು.

ನೋಡಿ, ನಮ್ಮ ಜನರ ಗೌರವವೆಲ್ಲ ಕಟ್ಟೆಯಲ್ಲಿದೆ. ಪೂಜ್ಯವಾದದ್ದು ನೆಲದ ಮೇಲಿರಬಾರದು, ಎತ್ತರಿಸಬೇಕು, ಬಳಿಯಬೇಕು, ಹೆಸರು ಕೆತ್ತಬೇಕು. ಹಿಂದಿನವರ ಕಟ್ಟೆ ಕಲ್ಲು ಮಣ್ಣಿನದು. ಸಂದಿಯಲ್ಲಿ ಇರುವೆಯೂ ಓಡಾಡುತ್ತಿತ್ತು, ನೀರೂ. ನಮ್ಮ ಕಟ್ಟೆ ಸಿಮೆಂಟಿನದು. ಹುಡುಗಿ ಹೇಳಿದ ಒಳ್ಳೆಯ ವಿಚಾರ ವಾರ್ಡ್ ಕಚೇರಿಯ ಮೇಜುಗಳನ್ನು ದಾಟಿ ನಮ್ಮ ಓಣಿಗೆ ಬರುವಷ್ಟರಲ್ಲಿ ಜಲ್ಲಿ ಮರಳಾಗಿ ಲಾರಿಯಿಂದ ಇಳಿಯಿತು. ಬುಡದ ಹಳ್ಳಕ್ಕೆಲ್ಲ, ಕಾಂಡಕ್ಕೆ ತಾಗುವವರೆಗೂ ಕಾಂಕ್ರೀಟು ತುಂಬಿ, ಮೇಲೆ ಮುಖ ಕಾಣುವಂಥ ಗ್ರಾನೈಟು ಹಾಸಿ, ಒಂದು ಚಪ್ಪಡಿಯ ಮೇಲೆ ಮುನಿರಾಜಣ್ಣನವರ ತಂದೆಯ ಹೆಸರು ಕೆತ್ತಿದರು. ಕಚೇರಿಯವರು ತಮ್ಮ ಪಾಲಿನದೆಂದು ಹಸಿರು ಬಣ್ಣದ ಫಲಕ ನೆಟ್ಟರು: ‘ಈ ಮರದ ಸೇವೆಗಳು’. ಅದರ ಕೊನೆಯ ಸಾಲು, ‘ಮಳೆನೀರನ್ನು ಭೂಮಿಗೆ ಇಂಗಿಸುತ್ತದೆ’. ಬುಡವೆಲ್ಲ ಸಿಮೆಂಟಿನಲ್ಲಿ ಹೂತ ಮರದ ಪಕ್ಕದಲ್ಲಿ ನಿಂತು ಆ ಸಾಲು ಓದಿದಾಗ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಮಹಿಳಾ ದಿನದಂದು ಮಾತ್ರ ಗೃಹಿಣಿಗೆ ಗುಲಾಬಿ ಕೊಟ್ಟು, ನೀನಿಲ್ಲದಿದ್ದರೆ ಮನೆಯೇ ಇಲ್ಲವೆಂದು ಹಾಡಿಹೊಗಳಿ, ಕಾಫಿ ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟು ಏಳುವವರನ್ನು ನೀವೂ ನೋಡಿರುತ್ತೀರಿ. ಹೊಗಳಿದ ಮೇಲೆ ಮಾಡುವುದೇನೂ ಉಳಿಯುವುದಿಲ್ಲವೆಂಬ ಆ ನೆಮ್ಮದಿ ಫಲಕದ ಮೇಲೂ ಮಿರುಗುತ್ತಿತ್ತು.

ಯುಗಾದಿ ಬಂತು, ಹೋಯಿತು. ಊರ ಹೊಂಗೆಗಳೆಲ್ಲ ಎಳೆಹಸಿರು ಉಟ್ಟು ನಿಂತರೂ ನಮ್ಮದು ಒಂದೇ ಮಗ್ಗುಲಿಗೆ ನಾಲ್ಕು ಚಿಗುರು ಬಿಟ್ಟು ಸುಮ್ಮನಾಯಿತು. ಹೂವಿಲ್ಲ, ಜೇನಿಲ್ಲ. ಮಧ್ಯಾಹ್ನದ ಬಿಸಿಲು ಕೊಂಬೆಗಳ ನಡುವಿನಿಂದ ನೇರವಾಗಿ ಸರೋಜಮ್ಮನ ಗಾಡಿಯ ಮೇಲೆ ಬಿತ್ತು. ಅವಳು ಬ್ಯಾಂಕಿನವರು ಹಂಚಿದ ಹರಕು ಕೊಡೆಯೊಂದನ್ನು ಗಾಡಿಗೆ ಕಟ್ಟಿಕೊಂಡಳು.

“ಅಕ್ಕಾ, ಬೋರ್ಡಲ್ಲಿ ನೆರಳು ಕೊಡತ್ತೆ ಅಂತ ಬರ್ದವ್ರಂತೆ. ನಾನೇನ್ ಬೋರ್ಡ್ ಕೆಳಗೆ ಕೂತ್ಕೊಳ್ಲಾ? ಪೆಟ್ಟಿಗೆ ಒಳಗೂ ಕೆಂಡ, ತಲೆ ಮೇಲೂ ಕೆಂಡ. ಹಿಂಗೇ ಆದ್ರೆ ಗಾಡಿ ಬೇರೆ ಕಡೆ ತಳ್ಕೊಂಡು ಹೋಗೋದೇ.”

ನಾನು ಕಚೇರಿಗೆ ಫೋನು ಮಾಡಿದೆ. ಫುಟ್‌ಪಾತ್ ನಮ್ಮದು, ಮರ ಅರಣ್ಯ ವಿಭಾಗದವರದು ಎಂದರು. ಅರಣ್ಯ ವಿಭಾಗದವರು, ಮರ ಬಿದ್ದಿದ್ದರೆ ಹೇಳಿ ಮೇಡಂ, ತಕ್ಷಣ ಬರ್ತೀವಿ ಎಂದರು. ನೀರು ಇಂಗುವ ವಿಷಯವೆಂದರೆ ಮಳೆನೀರು ಚರಂಡಿಯವರನ್ನು ಕೇಳಬೇಕಂತೆ. ನೆರಳು, ನೀರು, ಗಾಳಿ, ಮಣ್ಣು ನಾಲ್ಕನ್ನೂ ಒಂದೇ ಕಾಂಡದಲ್ಲಿ ಇಟ್ಟುಕೊಂಡು ಬಾಳುವ ಮರಕ್ಕೆ, ತನ್ನನ್ನು ಇಷ್ಟು ಟೇಬಲ್ಲುಗಳಿಗೆ ಹಂಚಿದ್ದಾರೆಂದು ಯಾರು ತಿಳಿಸಬೇಕು? ಕೊನೆಗೆ ಮೊಬೈಲಿನಲ್ಲಿ ದೂರು ಹಾಕಿದೆ. ಮರುದಿನವೇ ‘ಪರಿಹರಿಸಲಾಗಿದೆ’ ಎಂದು ಉತ್ತರ ಬಂತು; ಸಾಕ್ಷಿಗೆ ಆ ಹಸಿರು ಫಲಕದ್ದೇ ಫೋಟೋ, ಬಹಳ ಚೆನ್ನಾಗಿ ತೆಗೆದದ್ದು.

ಇಷ್ಟಾದರೂ ಬೋಗುಣಿಯ ಅಭ್ಯಾಸ ತಪ್ಪಿರಲಿಲ್ಲ. ಹೊಯ್ದ ನೀರು ಗ್ರಾನೈಟಿನ ಮೇಲೆ ಜಾರಿ, ಚಪ್ಪಡಿಯ ಹೆಸರನ್ನು ತೊಳೆದು, ಇಳಿಜಾರಿನಲ್ಲಿ ಓಡಿ ಮುನಿರಾಜಣ್ಣನವರ ಗೇಟಿನ ಮುಂದಿನ ರಂಗೋಲಿಯನ್ನು ಅಳಿಸುತ್ತಿತ್ತು. ಒಂದು ಬೆಳಗ್ಗೆ ಅವರೇ ಲುಂಗಿ ಎತ್ತಿಕಟ್ಟಿಕೊಂಡು ಬಂದರು.

“ಏನಮ್ಮಾ ಇದು, ದಿನಾ ನಿಮ್ಮ ಅಕ್ಕಿ ನೀರು ನಮ್ಮ ರಂಗೋಲಿ ಮ್ಯಾಲೆ? ನಮ್ಮೋಳು ಕೂಗಾಡ್ತಾವ್ಳೆ.”

ಬಹಳ ಮೆತ್ತಗೆ ಮಾತಾಡಬೇಕೆಂದು ಕಲಿತವಳು ನಾನು. ಅವತ್ತು ಆಗಲಿಲ್ಲ.

“ಕಟ್ಟೆ ಕಟ್ಟೋಕೆ ಮುಂಚೆ ಈ ನೀರು ಎಲ್ಲಿಗೆ ಹೋಗ್ತಿತ್ತು ಮುನಿರಾಜಣ್ಣ? ಮೂರು ಹೆಜ್ಜೆ ದೂರದ ನಿಮ್ಮ ಗೇಟಿಗೆ ಒಂದು ದಿನವಾದ್ರೂ ಬಂದಿತ್ತಾ?”

ಅವರು ಜಾರುತ್ತಿದ್ದ ನೀರನ್ನು ಗೇಟಿನಿಂದ ಹಿಂದಕ್ಕೆ ಕಣ್ಣಲ್ಲೇ ಹಿಂಬಾಲಿಸಿ, ಚಪ್ಪಡಿಯನ್ನು ನೋಡಿ, ಕಾಂಡವನ್ನು ನೋಡಿ, ತಲೆ ಎತ್ತಿದರು. ಕಟ್ಟೆ ಕಟ್ಟಿದ ಮೇಲೆ ಅವರು ಮರದ ತುದಿಯನ್ನು ನೋಡಿದ್ದು ಅದೇ ಮೊದಲಿರಬೇಕು.

“ಒಣಗ್ತಾ ಐತಲ್ಲಮ್ಮಾ,” ಎಂದರು, ಮಗುವಿನ ಮೈ ಮುಟ್ಟಿ ಜ್ವರವೆನ್ನುವ ದನಿಯಲ್ಲಿ.

“ಈಗ ಕಂಡ್ತಾ ಯಜಮಾನ್ರೇ?” ಎಂದು ಸರೋಜಮ್ಮ ಹರಕು ಕೊಡೆಯ ಕೆಳಗಿನಿಂದ ಕೇಳಿದಳು. “ನಿಮ್ಮಪ್ಪ ನೆಟ್ರು, ನೀವು ಹೂತ್ರಿ.”

ಅವರು ಸಿಟ್ಟಾಗುತ್ತಾರೆಂದುಕೊಂಡೆ. ಅವರೋ ಒಳಗೆ ಹೋಗಿ ಹಾರೆ ತಂದರು. ಇದು ಸರ್ಕಾರಿ ಕೆಲಸ, ಕೇಳಿ ಮಾಡಬೇಕಾಗಬಹುದು ಎಂದು ನನ್ನೊಳಗಿನ ಕಾನ್ವೆಂಟು ಹುಡುಗಿ ಬಾಯಿಬಿಟ್ಟೇ ಗೊಣಗಿದಳು.

“ಕಟ್ಟಾಕೆ ಮುಂಚೆ ಮರಾನ ಕೇಳಿದ್ವಾ?” ಎಂದು ಅವರು ಮೊದಲ ಏಟು ಹಾಕಿದರು.

ಹೆಸರಿನ ಚಪ್ಪಡಿ ಬಂದಾಗ ಮಾತ್ರ ಹಾರೆ ನಿಂತಿತು. ಅಂಗೈಯಿಂದ ಅದರ ಧೂಳು ಒರೆಸಿ, ಒಡೆಯದ ಹಾಗೆ ಮೆಲ್ಲಗೆ ಮೀಟಿ ಎತ್ತಿ, ಸರೋಜಮ್ಮನ ಗಾಡಿಯ ಪಕ್ಕದ ಗೋಡೆಗೆ ಒರಗಿಸಿದರು.

“ಅಪ್ಪ ಇಲ್ಲಿ ಕೂತ್ಕಳ್ಳಿ ಬಿಡಿ. ಮೊದ್ಲೂ ಸಂಜೆ ಹೊತ್ತು ಇಲ್ಲೇ ಕೂತ್ಕತಾ ಇದ್ದಿದ್ದು.”

ಬುಡದ ಸುತ್ತ ಈಗ ಒರಟಾದ ಮಣ್ಣಿನ ವೃತ್ತವಿದೆ. ರಸ್ತೆ ಅಂದಗೆಡಿಸಿದವರು ಯಾರೆಂದು ವಿಚಾರಿಸಲು ಕಚೇರಿಯಿಂದ ಒಬ್ಬರು ಬಂದುಹೋದರು. ನನ್ನ ದೂರಿಗೆ ಬಾರದ ಕಾಲು ಇದಕ್ಕೆ ಎಷ್ಟು ಬೇಗ ಬಂತು ನೋಡಿ. ಮರ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಸರೋಜಮ್ಮನ ಕೊಡೆ ಇನ್ನೂ ಗಾಡಿಯ ಮೇಲಿದೆ.

ಕಟ್ಟೆ ಒಡೆದ ಮರುದಿನ ಬೆಳಗ್ಗೆ ಬೋಗುಣಿ ಹಿಡಿದು ಹೋದಾಗ, ಇಷ್ಟು ವರ್ಷ ಹೊಯ್ದ ಹಾಗೆ ಒಮ್ಮೆಲೇ ಚೆಲ್ಲಿ ತಿರುಗಿ ಬರಲು ಕೈ ಒಪ್ಪಲಿಲ್ಲ. ಬಗ್ಗಿ, ಸ್ವಲ್ಪ ಸ್ವಲ್ಪವಾಗಿ ಹೊಯ್ದು ಕಾದೆ. ಬೆಳ್ಳಗಿನ ನೀರು ತುಸು ಹೊತ್ತು ಹಾಗೇ ನಿಂತಿತು. ಆಮೇಲೆ ಒಂದು ಗುಳ್ಳೆ ಎದ್ದು ಒಡೆಯಿತು, ಅದರ ಹಿಂದೆ ಇನ್ನೊಂದು, ಮತ್ತು ನೀರು ನೆಲದೊಳಕ್ಕೆ ಹೋಗತೊಡಗಿತು. ಮುನಿರಾಜಣ್ಣನವರ ಗೇಟಿನ ಮುಂದೆ ರಂಗೋಲಿ ಒಣಗಿಯೇ ಇತ್ತು.