ಸಾಕ್ಷಿ ಹೇಳಿದ ಒಂದು ಮಾತು

ಹದಿನಾಲ್ಕು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ ಮೇಲೆ ನಾನು ಕೆಲಸ ಬಿಟ್ಟು ಕಾನೂನು ಓದಲು ಸೇರಿದೆ. ತರಗತಿಯಲ್ಲಿ ಹೆಚ್ಚಿನವರು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವರು. ಪದವಿ ಮುಗಿದಾಗ ಅವರಲ್ಲಿ ಕೆಲವರು ಮಾದಾಪುರದ ಐಟಿ ಕಂಪನಿಗಳಲ್ಲಿ ಕರಾರುಪತ್ರ ತಿದ್ದಲು ಹೋದರು, ಕೆಲವರು ನ್ಯಾಯಾಧೀಶರ ಪರೀಕ್ಷೆಗೆ ಕುಳಿತರು. ನಾನು ಸಿಕಂದರಾಬಾದಿನ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆದೆ. ಆರು ತಿಂಗಳು ಕಡತ ಹೊತ್ತದ್ದೇ ಬಂತು; ಕೋರ್ಟಿನಲ್ಲಿ ಒಮ್ಮೆಯೂ ಬಾಯಿ ತೆರೆದಿರಲಿಲ್ಲ.

ಅಂದು ಜೀವನಾಂಶದ ಪ್ರಕರಣವಿತ್ತು. ನಾವು ಗಂಡನ ಪರ. ಯಾದಗಿರಿ ಕಡೆಯಿಂದ ಬಂದ ಹೆಂಡತಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಅವಳ ಮಾತನ್ನು ಅರೆಬರೆ ಕನ್ನಡ ಬಲ್ಲ ಗುಮಾಸ್ತರೊಬ್ಬರು ತೆಲುಗಿನಲ್ಲಿ ಹೇಳುತ್ತಿದ್ದರು. ‘ತವರಮನ್ಯಾಗ ಬಿಟ್ಟು ಹೋದ್ರು’ ಎಂದಳು ಅವಳು. ಮನೆ ಬಿಟ್ಟು ತವರಿಗೆ ಹೋದೆ ಎನ್ನುತ್ತಿದ್ದಾಳೆ ಎಂದರು ಗುಮಾಸ್ತರು. ತಾನಾಗಿ ಮನೆ ಬಿಟ್ಟವಳಿಗೆ ಜೀವನಾಂಶ ಸಿಗುವುದು ಕಷ್ಟ; ಹಾಗೆ ದಾಖಲಾದರೆ ನಾವು ಗೆದ್ದಂತೆಯೇ.

ಕನ್ನಡ ನನ್ನ ಮನೆಮಾತು. ಅನುವಾದ ತಪ್ಪಾಗಿದೆ ಎಂದು ಹಿರಿಯರ ಕಿವಿಯಲ್ಲಿ ಹೇಳಿದೆ. ಭಾಷೆ ನಿನಗೆ ಗೊತ್ತು, ಎದ್ದು ನೀನೇ ಹೇಳು ಎಂದರು ಅವರು.

ಎದ್ದೆ. ನ್ಯಾಯಾಧೀಶರು ನನ್ನ ಮಾತು ಕೇಳಿ, ಅವಳನ್ನು ಕನ್ನಡದಲ್ಲೇ ಮತ್ತೊಮ್ಮೆ ಕೇಳಲು ನನಗೆ ಅನುಮತಿ ಕೊಟ್ಟರು.

“ನೀವಾಗೇ ಹೋದ್ರೇನ್ರಿ, ಅವರು ಬಿಟ್ಟು ಹೋದ್ರೇನ್ರಿ?”

ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. “ನಾ ಯಾಕ ಹೋಗ್ಲಿರಿ? ಅವರೇ ಬಿಟ್ಟು ಹೋದ್ರು. ತಿರುಗಿ ಕರಿಯಾಕ ಬರ್ಲೇ ಇಲ್ಲ.”

ದಾಖಲೆ ತಿದ್ದಲಾಯಿತು. ನಮ್ಮ ಕಕ್ಷಿದಾರ ಬೇರೆ ವಕೀಲರನ್ನು ಹಿಡಿಯುತ್ತೇನೆಂದು ಮಧ್ಯಾಹ್ನವೇ ಕಡತ ವಾಪಸು ಪಡೆದು ಹೋದ.

ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ತೆಲುಗು, ಉರ್ದುವಿನಲ್ಲೇ ದುಡಿದ ಅಪ್ಪನಿಗೆ ಸಂಜೆ ಇದನ್ನು ಹೇಳಿದೆ. “ಕೋರ್ಟಿನ್ಯಾಗ ಕನ್ನಡ ಮಾತಾಡಿದ್ಯಾ?” ಎಂದು ಕೇಳಿ, ಇಡೀ ಸಂಗತಿಯನ್ನು ಮತ್ತೆ ಮೊದಲಿನಿಂದ ಹೇಳಿಸಿದರು.

ಆ ಹೆಣ್ಣುಮಗಳಿಗೆ ಜೀವನಾಂಶ ಸಿಕ್ಕಿತು. ಅದಾದ ಮೇಲೆ ಬಂದ ಹೊಸ ಪ್ರಕರಣವೊಂದರ ವಕಾಲತ್ತುನಾಮೆಯಲ್ಲಿ, ಅಂದರೆ ವಕೀಲರ ನೇಮಕ ಪತ್ರದಲ್ಲಿ, ಹಿರಿಯರು ನನ್ನ ಹೆಸರನ್ನು ಮೊದಲು ಬರೆದು, ಕೆಳಗೆ ತಮ್ಮದನ್ನು ಬರೆದರು. ವಾದವನ್ನು ನಾನೇ ಮಾಡಿದೆ.