ಒಂಬತ್ತರಿಂದ ಹನ್ನೊಂದರವರೆಗೆ ಮಿಸ್

ಮಗಳನ್ನು ಎಲ್‌ಕೆಜಿಗೆ ಕಳಿಸುವುದಿಲ್ಲ, ಮನೆಯಲ್ಲೇ ನಾನೇ ಕಲಿಸುತ್ತೇನೆ ಎಂದು ಜಂಭದಿಂದ ಹೇಳಿದವಳು ನಾನೇ. ಅಟ್ಟೂರಿನ ನಮ್ಮ ಮನೆಯ ಹತ್ತಿರದ ಪ್ಲೇ ಹೋಮಿನ ಗೇಟಿನಲ್ಲಿ ಅವಳು ಹದಿನೈದು ದಿನ ನನ್ನ ವೇಲ್ ಬಿಡದೆ ಅತ್ತಿದ್ದಳು. ಒಳಗಿದ್ದಷ್ಟು ಹೊತ್ತೂ ಆಯಾಳನ್ನು "ಅಮ್ಮ ಯಾವಾಗ ಬರ್ತಾಳೆ?" ಎಂದು ಕೇಳುತ್ತಿದ್ದಳಂತೆ. ಹದಿನಾರನೆಯ ದಿನದಿಂದ ಕಳಿಸುವುದನ್ನೇ ಬಿಟ್ಟೆ.

ಜೂನ್‌ಗೆ ಪಾಠ ಶುರು ಎಂದುಕೊಂಡು ಮೇ ತಿಂಗಳಿಡೀ ತಯಾರಿ ನಡೆಸಿದೆ. ಅಲ್ಲಾಳಸಂದ್ರದ ಅಂಗಡಿಯಿಂದ ಅಕ್ಷರಮಾಲೆಯ ಚಾರ್ಟು, ಸ್ಲೇಟು, ಬಳಪ ತಂದೆ. ಎಣಿಸಲು ಹುಣಸೆ ಬೀಜ ತೊಳೆದು ಒಣಗಿಸಿದೆ. ಕೊನೆಯ ವಾರ ಸುಮ್ಮನೆ ಅಭ್ಯಾಸಕ್ಕೆಂದು ಕೂರಿಸಿದರೆ ಮಹಾರಾಣಿ ಐದು ನಿಮಿಷ ಕೂರಲಿಲ್ಲ. ಅ ಬರಿ ಎಂದರೆ ನೀರು ಬೇಕು. ನೀರು ಕೊಟ್ಟರೆ ಉಚ್ಚೆ. ಬೀಜ ಎಣಿಸು ಎಂದರೆ ಬಾಲ್ಕನಿಗೆ ಓಡಿ, ಕೆಳಮನೆಯವರ ಸ್ಕೂಟರಿನ ಮೇಲೆ ಒಂದೊಂದಾಗಿ ಎಸೆದಳು. ಅವರು ತಲೆಯೆತ್ತಿ ನೋಡಿದಾಗ ನಾನು ಹಲ್ಲು ಕಿರಿದು ನಿಲ್ಲಬೇಕಾಯಿತು. ಮೈಯೆಲ್ಲ ಉರಿದುಹೋಯಿತು.

ಅಮ್ಮ ಎಂಬ ಸಲುಗೆಯೇ ಇದಕ್ಕೆಲ್ಲ ಕಾರಣ ಎಂದು ತೀರ್ಮಾನಿಸಿ ಮರುದಿನ ಹೊಸ ನಿಯಮ ತಂದೆ. ಗಡಿಯಾರದ ಹನ್ನೊಂದರ ಮೇಲೆ ನನ್ನ ಹಣೆಯ ಕೆಂಪು ಸ್ಟಿಕರ್ ಬೊಟ್ಟು ಅಂಟಿಸಿದೆ.

"ಚಿಕ್ಕ ಮುಳ್ಳು ಆ ಬೊಟ್ಟಿಗೆ ಬರೋವರೆಗೂ ನಾನು ಅಮ್ಮ ಅಲ್ಲ, ಮಿಸ್. ಅಮ್ಮ ಅಂತ ಕರೆದ್ರೆ ಮಾತಾಡಲ್ಲ, ಗೊತ್ತಾಯ್ತಾ?"

ಎತ್ತಿಕೋ ಎಂದು ಕೈಚಾಚಿ ಬಂದಳು. ಮಿಸ್ ಎತ್ತಿಕೊಳ್ಳುವುದಿಲ್ಲ ಎಂದೆ.

ಹುಣಸಮಾರನಹಳ್ಳಿಯಿಂದ ಬಂದಿದ್ದ ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. "ಇಂಗ್ಯಾಕವ್ವಾ ಮಗೀನ ಗೋಳುಯ್ಕೊಂತೀಯ?"

"ನೀವು ಸುಮ್ನಿರಿ ಅತ್ತೆ. ಮುದ್ದು ಮಾಡೀ ಮಾಡೀ ಹೀಗಾಗಿರೋದು" ಎಂದು ಸಿಡುಕಿದೆ. ಅವರನ್ನು ಹಾಗೆ ಅಂದಿದ್ದಕ್ಕೆ ನನಗೇ ನಾಚಿಕೆಯಾಯಿತು, ಆದರೂ ಪಟ್ಟು ಬಿಡಲಿಲ್ಲ.

ಆಶ್ಚರ್ಯವೆಂದರೆ ನಿಯಮ ಫಲಿಸಿತು. ಮೂರನೆಯ ದಿನ ಅವಳು ಕದಲದೆ ಕುಳಿತು ಸ್ಲೇಟಿನ ತುಂಬ ಅ ಬರೆದಳು. ಸೊಟ್ಟಗಿತ್ತು, ಆದರೂ ಅ. ಅಂತೂ ಗೆದ್ದೆ ಎಂದುಕೊಂಡು ಅಡುಗೆಮನೆಗೆ ಹೋಗಿ ನೆಮ್ಮದಿಯಾಗಿ ಒಂದು ಲೋಟ ಕಾಫಿ ಬೆರೆಸಿಕೊಂಡೆ.

ಹಿಂದಿರುಗಿದಾಗ ಸ್ಲೇಟಿನ ಮೂಲೆಯ ತಗಡು ಅವಳ ಬೆರಳಿಗೆ ಗೀರಿ ರಕ್ತ ಜಿನುಗುತ್ತಿತ್ತು. ಬೆರಳನ್ನು ಫ್ರಾಕಿನಲ್ಲಿ ಸುತ್ತಿಕೊಂಡು ಸದ್ದಿಲ್ಲದೆ ಕುಳಿತಿದ್ದಳು. ಚೀರಿ ಊರು ಒಂದು ಮಾಡುವ ಹುಡುಗಿ, ಕೂಗಲೇ ಇಲ್ಲ. ನನ್ನನ್ನು ಕಂಡು ಎದ್ದು ನಿಂತಳು.

"ಮಿಸ್, ನಮ್ಮಮ್ಮ ಯಾವಾಗ ಬರ್ತಾಳೆ?"

ಕಾಫಿ ಲೋಟ ಎಲ್ಲಿಟ್ಟೆನೋ ನೆನಪಿಲ್ಲ. "ಬಂದೆ ಕಂದ, ಬಂದ್ಬಿಟ್ಟೆ" ಎಂದು ಕೂತು ಎರಡೂ ಕೈ ಚಾಚಿದೆ.

ಅವಳು ಒಂದು ಹೆಜ್ಜೆ ಹಿಂದೆ ಸರಿದು ಗಡಿಯಾರದ ಕಡೆ ಬೆರಳು ತೋರಿಸಿದಳು.

"ಮುಳ್ಳು ಇನ್ನೂ ಬೊಟ್ಟಿಗೆ ಬಂದಿಲ್ಲ, ಮಿಸ್."